ಚೀಟಿ ಎಸೆದವರು ಅವರು, ಸಾಕ್ಷಿ ಕೇಳಿದ್ದು ಇವರನ್ನು

(ಮಂಗಳೂರಿನಲ್ಲಿ ಕಳೆದ ಶನಿವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಷಯದ ಹೆಸರು ಕೇಳಿದರೇ ಆಕಳಿಕೆ ಬರುತ್ತದೆ ಅಂತ ಗೊತ್ತು. ವಲಸೆ ಇಲಾಖೆ, ಅದರ ಕಡತ, ಅದನ್ನು ವಿಚಾರಿಸುವ ಸಂಸದೀಯ ಸಮಿತಿ. ಆದರೂ ಹಿಂದಿನ ಸಾಲಿನ ತನಕ ಕುರ್ಚಿ ತುಂಬಿದೆ. ಯಾಕೆಂದರೆ ಈ ಊರಿನಲ್ಲಿ ಪಾಸ್‌ಪೋರ್ಟ್, ವೀಸಾ, ಇಮಿಗ್ರೇಶನ್ ಅಂದರೆ ಪೇಪರಿನ ಸುದ್ದಿಯಲ್ಲ, ಮನೆಯ ಮಾತು. ಅಜ್ಜನ ಕಾಲದಲ್ಲಿ ಮುಂಬೈ, ಕೆಲವರಿಗೆ ಪೂರ್ವ ಆಫ್ರಿಕಾ. ಅಪ್ಪನ ಕಾಲದಲ್ಲಿ ಗಲ್ಫ್. ಈಗ ಮಕ್ಕಳಿಗೆ ಇಂಗ್ಲೆಂಡ್, ಐರ್ಲೆಂಡ್, ಕೆನಡಾ. ನರ್ಸಿಂಗ್ ಮುಗಿಸಿದ ಹುಡುಗಿ ಬಜ್ಪೆಯಲ್ಲಿ ವಿಮಾನ ಹತ್ತುವಾಗ ಎದೆಗೆ ಒತ್ತಿ ಹಿಡಿದುಕೊಂಡ ಪ್ಲಾಸ್ಟಿಕ್ ಫೈಲು ನೋಡಿದ್ದೀರಲ್ಲ, ಅದರಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಪೊಲೀಸ್ ಕ್ಲಿಯರೆನ್ಸ್ ತನಕ ಎಲ್ಲ ಉಂಟು, ಎಲ್ಲದಕ್ಕೂ ಮೂರು ಮೂರು ಜೆರಾಕ್ಸ್ ಉಂಟು.

ಆ ಫೈಲಿನ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಕೌಂಟರಿನ ಆ ಬದಿ ಕೂತವರ ಫೈಲಿನ ಬಗ್ಗೆ ಮಾತಾಡುವುದಿಲ್ಲ. ಇವತ್ತು ಅದನ್ನು ಮಾತಾಡುವ.

ಉದಾಹರಣೆಗೆ ನಾನು ಹಿಡಿದುಕೊಂಡದ್ದು ಬ್ರಿಟನ್ನಿನ ಹೋಮ್ ಆಫೀಸು, ಅಂದರೆ ಅಲ್ಲಿನ ಗೃಹ ಇಲಾಖೆ. ಅವರೇ ಎಲ್ಲರಿಗಿಂತ ಕೆಟ್ಟವರು ಅಂತಲ್ಲ. ಅಲ್ಲಿ ಆದ ಎಡವಟ್ಟು ಸಂಸತ್ತಿನ ಸಮಿತಿಗಳ ಮುಂದೆ, ಕ್ಯಾಮೆರಾದ ಎದುರು, ಪ್ರಶ್ನೆ ಉತ್ತರವಾಗಿ ಹೊರಗೆ ಬಂತು. ಹಾಗಾಗಿ ಮಂಗಳೂರಿನಲ್ಲಿ ಕೂತ ನನಗೂ ಓದಲಿಕ್ಕೆ ಸಿಕ್ಕಿತು. ನಮ್ಮದೇ ಇಲಾಖೆಯ ಬಗ್ಗೆ ಇಷ್ಟು ಓದಲಿಕ್ಕೆ ಸಿಗುವುದಿಲ್ಲ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಥೆ ಶುರುವಾಗುವುದು 1948ರಲ್ಲಿ. ಯುದ್ಧ ಮುಗಿದ ಬ್ರಿಟನ್ನಿಗೆ ಕೆಲಸದವರು ಬೇಕಿತ್ತು. ಬಸ್ಸು ಓಡಿಸಲು, ಆಸ್ಪತ್ರೆಯಲ್ಲಿ ದುಡಿಯಲು, ಕಟ್ಟಡ ಕಟ್ಟಲು. ಆ ವರ್ಷದ ಜೂನ್ 22ರಂದು ಎಂಪೈರ್ ವಿಂಡ್ರಶ್ ಎಂಬ ಹಡಗಿನಿಂದ ಜಮೈಕಾ ಮತ್ತು ಸುತ್ತಲಿನ ದ್ವೀಪಗಳ ಜನ ಟಿಲ್ಬರಿ ಬಂದರಿನಲ್ಲಿ ಇಳಿದರು. ಅವರು ಕದ್ದು ಬಂದವರಲ್ಲ. ಆಗಿನ ಕಾನೂನಿನ ಪ್ರಕಾರ ಅವರೂ ಬ್ರಿಟನ್ನಿನ ಪ್ರಜೆಗಳೇ. ಆಮೇಲೆ ಇಪ್ಪತ್ತೈದು ವರ್ಷ ಹೀಗೇ ಬಂದರು. ಮಕ್ಕಳು ಎಷ್ಟೋ ಸಲ ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲೇ ಬಂದರು, ಅವರಿಗೆಂದು ಬೇರೆ ಕಾಗದವೇ ಇರಲಿಲ್ಲ.

1971ರಲ್ಲಿ ಹೊಸ ವಲಸೆ ಕಾಯ್ದೆ ಆಯಿತು. 1973ರ ಜನವರಿ 1ರಂದು ಅದು ಜಾರಿಗೆ ಬರುವಾಗ ಅಲ್ಲಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಜನರಿಗೆ ಅಲ್ಲೇ ಇರುವ ಹಕ್ಕು ಕೊಟ್ಟಿತು. ಒಳ್ಳೆಯದೇ. ಆದರೆ ಯಾರು ಯಾರಿಗೆ ಆ ಹಕ್ಕು ಸಿಕ್ಕಿತು ಅಂತ ಇಲಾಖೆ ಪಟ್ಟಿ ಮಾಡಲಿಲ್ಲ. ಸಿಕ್ಕಿದವರ ಕೈಗೆ ಒಂದು ತುಂಡು ಕಾಗದವನ್ನೂ ಕೊಡಲಿಲ್ಲ. ಹಕ್ಕು ಉಂಟು, ದಾಖಲೆ ಇಲ್ಲ. ಇಡೀ ಅನಾಹುತ ಇಲ್ಲಿಂದ ಹುಟ್ಟಿತು.

ನಲವತ್ತು ವರ್ಷ ಯಾರಿಗೂ ತೊಂದರೆ ಆಗಲಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ. 2012ರಲ್ಲಿ ಗೃಹಮಂತ್ರಿಯಾಗಿದ್ದ ತೆರೇಸಾ ಮೇ, ಅಕ್ರಮವಾಗಿ ಇರುವವರಿಗೆ ಬದುಕೇ ಕಷ್ಟ ಆಗುವ ವಾತಾವರಣ ತರುತ್ತೇವೆ ಎಂದರು. 2014 ಮತ್ತು 2016ರ ಕಾಯ್ದೆಗಳು ಅದಕ್ಕೇ ಬಂದವು. ಮನೆ ಬಾಡಿಗೆಗೆ ಕೊಡುವವ ಕಾಗದ ನೋಡಬೇಕು, ಬ್ಯಾಂಕಿನವ ನೋಡಬೇಕು, ಕೆಲಸ ಕೊಡುವವ ನೋಡಬೇಕು. ಇಲಾಖೆ ಇಟ್ಟುಕೊಳ್ಳದ ದಾಖಲೆಯನ್ನು ಈಗ ಊರಿಡೀ ಕೇಳಲು ಶುರು ಮಾಡಿತು.

ಅರುವತ್ತು ವರ್ಷ ಪ್ರಾಯದ, ಶಾಲೆಗೆ ಹೋಗುವ ಕಾಲದಲ್ಲೇ ಬಂದು, ಅಲ್ಲೇ ದುಡಿದು ತೆರಿಗೆ ಕಟ್ಟಿದ ಜನರಿಗೆ ಪತ್ರ ಬಂತು: ನೀವು ಅಕ್ರಮ ವಲಸಿಗರು. ಕೆಲಸ ಹೋಯಿತು. ಕೆಲವರಿಗೆ ಕ್ಯಾನ್ಸರ್ ಚಿಕಿತ್ಸೆಗೆ ದುಡ್ಡು ಕಟ್ಟಿ ಅಂದರು. ಇಲ್ಲೇ ಇದ್ದೆವು ಅಂತ ಸಾಬೀತು ಮಾಡಲು ಪ್ರತಿಯೊಂದು ವರ್ಷಕ್ಕೂ ದಾಖಲೆ ತನ್ನಿ ಎಂದರು. ನೀವೇ ಹೇಳಿ, 1978ರಲ್ಲಿ ನೀವು ಮಂಗಳೂರಿನಲ್ಲಿ ಇದ್ದಿರಿ ಅನ್ನುವುದಕ್ಕೆ ಈಗ ಮನೆಗೆ ಹೋಗಿ ಒಂದು ಕಾಗದ ತೆಗೆಯಲಿಕ್ಕೆ ಆಗುತ್ತದಾ? 1979ಕ್ಕೆ ಇನ್ನೊಂದು? 1980ಕ್ಕೆ?

ಈಗ ಆ ಚೀಟಿಗಳ ವಿಷಯ. ಹಡಗಿನಲ್ಲಿ ಬಂದಿಳಿದವರ ಹೆಸರು, ತಾರೀಕು ಇದ್ದ ಲ್ಯಾಂಡಿಂಗ್ ಕಾರ್ಡುಗಳು ಹೋಮ್ ಆಫೀಸಿನ ಹತ್ತಿರ ಇದ್ದವು. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್‌ನ ಕಚೇರಿಯೊಂದರ ನೆಲಮಾಳಿಗೆಯಲ್ಲಿ. ಯಾರಾದರೂ ನಾನು ಯಾವಾಗ ಬಂದೆ ಅಂತ ಕೇಳಿ ಬರೆದರೆ, ಸಿಬ್ಬಂದಿ ಕೆಳಗಿಳಿದು ಹೋಗಿ ಆ ಚೀಟಿ ಹುಡುಕಿ ತರುತ್ತಿದ್ದರು. ಆ ಹಳೇ ಚೀಟಿಗಳನ್ನು ವಿಲೇವಾರಿ ಮಾಡಲು 2009ರಲ್ಲಿ ಅಧಿಕಾರಿಗಳು ಒಪ್ಪಿಗೆ ಕೊಟ್ಟರು, 2010ರಲ್ಲಿ ನಾಶ ಮಾಡಿದರು. ಆಮೇಲೆ ಕೇಳಿದವರಿಗೆ ನಿಮ್ಮ ಬಗ್ಗೆ ನಮ್ಮಲ್ಲಿ ಯಾವ ದಾಖಲೆಯೂ ಸಿಗುತ್ತಿಲ್ಲ ಎಂಬ ಉತ್ತರ ಹೋಗುತ್ತಿತ್ತು ಅಂತ ಅಲ್ಲಿ ಕೆಲಸ ಮಾಡಿದವರೇ 2018ರಲ್ಲಿ ಪತ್ರಿಕೆಗೆ ಹೇಳಿದರು. ಆ ಚೀಟಿ ಬಂದ ದಿನವನ್ನು ಮಾತ್ರ ತೋರಿಸುತ್ತದೆ, ಆಮೇಲೆ ಅಲ್ಲೇ ಇದ್ದರು ಅಂತ ತೋರಿಸುವುದಿಲ್ಲ ಎಂಬುದು ಇಲಾಖೆಯ ಸಮರ್ಥನೆ. ಮಾತು ಸುಳ್ಳಲ್ಲ. ಆದರೆ ಕೈಯಲ್ಲಿ ಏನೂ ಇಲ್ಲದವನಿಗೆ ಆ ಒಂದು ಚೀಟಿ ಎಷ್ಟು ದೊಡ್ಡದು ಅನ್ನುವುದು ಅದರಲ್ಲಿ ಇಲ್ಲ.

ನಮ್ಮ ಜಿಲ್ಲೆಯವರಿಗೆ ಇದು ಅರ್ಥ ಆಗಲು ಕಷ್ಟ ಇಲ್ಲ. ಭೂಸುಧಾರಣೆ ಬಂದಾಗ, 1974ರ ನಂತರ, ಇಲ್ಲಿನ ಒಕ್ಕಲುಗಳು ಫಾರ್ಮ್ 7ರಲ್ಲಿ ಡಿಕ್ಲರೇಶನ್ ಕೊಟ್ಟು ಟ್ರಿಬ್ಯುನಲ್ ಮುಂದೆ ನಿಂತರು. ಚಾಲಗೇಣಿ, ಅಂದರೆ ಕಾಯಂ ಅಲ್ಲದ ಗೇಣಿ, ಹೆಚ್ಚಾಗಿ ಬಾಯಿಮಾತಿನದ್ದು. ಗೇಣಿ ಕೊಟ್ಟದ್ದಕ್ಕೆ ಚೀಟಿ ಉಂಟಾ ಅಂದರೆ ಎಲ್ಲಿಂದ ತರುವುದು? ಚೀಟಿ ಕೊಡಬೇಕಾದವನೇ ಎದುರಿನ ಪಾರ್ಟಿ. ಆದರೂ ಅಲ್ಲಿ ಒಂದು ದಾರಿ ಇತ್ತು. ಸರಕಾರವೇ ಬರೆದಿಟ್ಟ ಪಹಣಿ ನೋಡಬಹುದಿತ್ತು, ನೆರೆಕರೆಯವರ ಸಾಕ್ಷಿ ಕೇಳಬಹುದಿತ್ತು. ಬ್ರಿಟನ್ನಿನಲ್ಲೂ ಪಹಣಿಯಂಥದ್ದೇ ಒಂದು ಇತ್ತು, ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ ದಾಖಲೆ. ವರ್ಷ ವರ್ಷ ಸಂಬಳದಿಂದ ಕಡಿದುಕೊಂಡದ್ದರ ಲೆಕ್ಕ ಸರಕಾರದ ಇನ್ನೊಂದು ಕಂಪ್ಯೂಟರಿನಲ್ಲಿತ್ತು. ಹೋಮ್ ಆಫೀಸು ಅದನ್ನು ತಾನಾಗಿ ತೆರೆದು ನೋಡಲಿಲ್ಲ. ನೀವೇ ತನ್ನಿ ಎಂದಿತು. ನಮ್ಮ ಟ್ರಿಬ್ಯುನಲ್‌ಗಳನ್ನು ಎಷ್ಟು ಬೇಕಾದರೂ ಬೈಯಿರಿ, ಈ ಮಟ್ಟಕ್ಕೆ ಇಳಿದಿರಲಿಲ್ಲ.

ಇದು ಸಂಸತ್ತಿಗೆ ಹೇಗೆ ಬಂತು? ಸುಮ್ನೆ ಬರಲಿಲ್ಲ. 2014ರಲ್ಲೇ ಒಂದು ಕಾನೂನು ನೆರವಿನ ಸಂಸ್ಥೆ ವರದಿ ಬರೆದು ಎಚ್ಚರಿಸಿತ್ತು. 2016ರಲ್ಲಿ ಕೆರಿಬಿಯನ್ ದೇಶಗಳ ಮಂತ್ರಿಗಳು ಬ್ರಿಟನ್ನಿನವರಿಗೆ ನೇರವಾಗಿ ಹೇಳಿದ್ದರು. ಏನೂ ಆಗಲಿಲ್ಲ. 2017ರ ಕೊನೆಯಿಂದ ಗಾರ್ಡಿಯನ್ ಪತ್ರಿಕೆಯ ಅಮೀಲಿಯಾ ಜೆಂಟಲ್‌ಮನ್ ಒಬ್ಬೊಬ್ಬರದೇ ಕಥೆ ಬರೆಯುತ್ತಾ ಹೋದರು. 2018ರ ಏಪ್ರಿಲ್ 16ರಂದು ಸಂಸದ ಡೇವಿಡ್ ಲ್ಯಾಮಿ ಸದನದಲ್ಲಿ ತುರ್ತು ಪ್ರಶ್ನೆ ಎತ್ತಿದರು. ಗೃಹಮಂತ್ರಿ ಆಂಬರ್ ರಡ್ ಕ್ಷಮೆ ಕೇಳಿದರು. ಎರಡು ದಿನ ಬಿಟ್ಟು ವಿರೋಧ ಪಕ್ಷದ ನಾಯಕ ಕಾರ್ಬಿನ್, ಆಗ ಪ್ರಧಾನಿಯಾಗಿದ್ದ ಮೇ ಅವರನ್ನು ಕೇಳಿದರು: ಚೀಟಿ ನಾಶ ಮಾಡಲು ಸಹಿ ಹಾಕಿದ್ದು ನೀವಾ? ಮೇ ಎದ್ದು ನಿಂತು, ಆ ತೀರ್ಮಾನ 2009ರದ್ದು, ನಿಮ್ಮ ಲೇಬರ್ ಸರಕಾರದ ಕಾಲದ್ದು ಎಂದರು. ಸದನದಲ್ಲಿ ಗದ್ದಲವೋ ಗದ್ದಲ. 2009ರಲ್ಲಿ ಗೃಹಮಂತ್ರಿಯಾಗಿದ್ದ ಅಲನ್ ಜಾನ್ಸನ್, ಅದು ಅಧಿಕಾರಿಗಳ ಮಟ್ಟದ ತೀರ್ಮಾನ, ನನ್ನ ತನಕ ಬರಲಿಲ್ಲ ಎಂದರು. ಹಾಗಾದರೆ ಸಾವಿರಾರು ಜನರ ಬದುಕಿನ ಸಾಕ್ಷಿಯನ್ನು ಹೊರಗೆ ಹಾಕುವ ವಿಷಯ ಯಾವ ಮಂತ್ರಿಯ ಮೇಜಿಗೂ ಬರಲಿಲ್ಲ. ಗುಜರಿಗೆ ಹಾಕುವ ಹಾಗೆ ಹಾಕಿದರು. ನನಗೆ ಯಾರು ಸಹಿ ಹಾಕಿದರು ಅನ್ನುವುದಕ್ಕಿಂತ ಇದು ಜಾಸ್ತಿ ಭಯ ಹುಟ್ಟಿಸುತ್ತದೆ.

ಗದ್ದಲದ ಆ ದಿನದಿಂದ ಟಿವಿಯವರಿಗೆ ಒಳ್ಳೆಯ ಕ್ಲಿಪ್ ಸಿಕ್ಕಿತು, ಅಷ್ಟೆ. ನಿಜವಾದ ಕೆಲಸ ನಡೆದದ್ದು ಒಂದು ವಾರದ ನಂತರ, ಏಪ್ರಿಲ್ 25ರಂದು, ಸಮಿತಿಯ ಕೋಣೆಯಲ್ಲಿ. ಗೃಹ ವ್ಯವಹಾರಗಳ ಸಮಿತಿಯ ಅಧ್ಯಕ್ಷೆ ಇವೆಟ್ ಕೂಪರ್. ಕುದುರೆಲಾಳದ ಆಕಾರದ ಮೇಜು, ಒಂದು ಬದಿ ಎಲ್ಲ ಪಕ್ಷಗಳ ಸಂಸದರು, ಎದುರು ಮಂತ್ರಿ, ಪಕ್ಕದಲ್ಲಿ ಅಧಿಕಾರಿ. ಕೂಗಾಟ ಇಲ್ಲ. ಮಂತ್ರಿ ಬರುವ ಮೊದಲೇ ವಲಸೆ ಸಿಬ್ಬಂದಿಯ ಯೂನಿಯನ್ನಿನವರು ಅದೇ ಕೋಣೆಯಲ್ಲಿ ಕೂತು, ಇಷ್ಟು ಜನರನ್ನು ದೇಶದಿಂದ ಕಳಿಸಬೇಕು ಅಂತ ಕಚೇರಿಗಳಿಗೆ ಗುರಿ ಇರುತ್ತದೆ ಎಂದು ಹೇಳಿ ಹೋಗಿದ್ದರು. ಕೂಪರ್ ಅದನ್ನೇ ಮಂತ್ರಿಯ ಮುಂದಿಟ್ಟರು. ನಮಗೆ ಹಾಗೆ ಗುರಿ ಅಂತ ಇಲ್ಲ ಎಂದರು ರಡ್.

ಮಾರನೇ ದಿನ ಸದನದಲ್ಲಿ, ಸ್ಥಳೀಯ ಮಟ್ಟದಲ್ಲಿ ಗುರಿ ಇತ್ತಂತೆ, ನನಗೆ ಗೊತ್ತಿರಲಿಲ್ಲ ಎಂದರು. ಅದರ ಮಾರನೇ ದಿನ ಒಂದು ಮೆಮೋ ಹೊರಬಂತು. 2017ರ ಜೂನಿನದ್ದು. 2017-18ಕ್ಕೆ 12,800 ಜನರನ್ನು ಬಲವಂತವಾಗಿ ಕಳಿಸುವ ಗುರಿ ಅದರಲ್ಲಿ ಬರೆದಿತ್ತು, ಅದರ ಒಂದು ಪ್ರತಿ ರಡ್ ಅವರ ಕಚೇರಿಗೂ ಹೋಗಿತ್ತು. ಏಪ್ರಿಲ್ 29ರ ಭಾನುವಾರ ರಾತ್ರಿ ರಾಜೀನಾಮೆ. ಸಮಿತಿಗೆ ಗೊತ್ತಿಲ್ಲದೆ ತಪ್ಪು ಮಾಹಿತಿ ಕೊಟ್ಟೆ ಅಂತ ಪತ್ರದಲ್ಲೇ ಬರೆದರು. ಅವರ ಅಧಿಕಾರಿಗಳು ಅವರಿಗೆ ಸರಿಯಾದ ಮಾಹಿತಿ ಕೊಟ್ಟಿರಲಿಲ್ಲ ಅಂತ ಆಮೇಲಿನ ತನಿಖೆ ಹೇಳಿತು. ಇರಬಹುದು. ಆದರೆ ಗಮನಿಸಿ, ಮಂತ್ರಿ ಹೋದದ್ದು ಜನರನ್ನು ಹಿಂಸಿಸಿದ್ದಕ್ಕಲ್ಲ. ತನ್ನ ಇಲಾಖೆಯ ಕಾಗದದಲ್ಲಿ ಏನಿದೆ ಎಂಬ ಒಂದು ಪ್ರಶ್ನೆಗೆ ಸರಿ ಉತ್ತರ ಕೊಡದೆ ಹೋದದ್ದಕ್ಕೆ. ಅಲ್ಲಿ ಸಮಿತಿಗೆ ತಪ್ಪು ಹೇಳುವುದು ಅಂದರೆ ಸದನಕ್ಕೇ ತಪ್ಪು ಹೇಳಿದ ಹಾಗೆ, ಅದರ ಬೆಲೆ ಅಷ್ಟು.

ಇನ್ನೊಂದು ಸಮಿತಿ ಇತ್ತು, ಅದರ ಸುದ್ದಿ ನಮ್ಮ ಕಡೆ ಬರಲೇ ಇಲ್ಲ. ಎರಡೂ ಸದನಗಳ ಮಾನವ ಹಕ್ಕುಗಳ ಜಂಟಿ ಸಮಿತಿ, ಹ್ಯಾರಿಯೆಟ್ ಹಾರ್ಮನ್ ಅಧ್ಯಕ್ಷೆ. ನನಗೆ ಇಡೀ ಪ್ರಕರಣದಲ್ಲಿ ಇಷ್ಟವಾದದ್ದು ಅವರ ಕೆಲಸ. ಅವರು ನೀತಿ, ತತ್ವ ಅಂತ ಹೋಗಲಿಲ್ಲ. ಇಬ್ಬರೇ ಇಬ್ಬರನ್ನು ಆರಿಸಿ, ಅವರ ಒಪ್ಪಿಗೆ ಪಡೆದು, ಅವರ ಹೋಮ್ ಆಫೀಸ್ ಕಡತವನ್ನು ತರಿಸಿ, ಪುಟ ಪುಟ ಓದಿದರು. ಒಬ್ಬರು 1968ರಲ್ಲಿ ಹತ್ತು ವರ್ಷದ ಹುಡುಗಿಯಾಗಿ ಜಮೈಕಾದಿಂದ ಬಂದವರು, 34 ವರ್ಷ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದವರು. ಒಂದು ಕಾಲಕ್ಕೆ ಅದೇ ಪಾರ್ಲಿಮೆಂಟಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ಸಂಸದರಿಗೆ ಬಡಿಸಿದವರು. ಅವರನ್ನು 2017ರಲ್ಲಿ ಹಿಡಿದು ಬಂಧನ ಕೇಂದ್ರದಲ್ಲಿ ಇಟ್ಟು, ಜಮೈಕಾಕ್ಕೆ ಕಳಿಸಲು ವಿಮಾನ ನಿಲ್ದಾಣದ ಹತ್ತಿರದ ತನಕ ಕರೆದುಕೊಂಡು ಹೋಗಿದ್ದರು. ಇನ್ನೊಬ್ಬರು 1965ರಲ್ಲಿ ಎಂಟು ವರ್ಷದವರಾಗಿದ್ದಾಗ ಬಂದವರು.

ಕಡತದಲ್ಲಿ ಸಿಕ್ಕಿದ್ದು ಏನು ಗೊತ್ತಾ? ಸಾಕ್ಷಿ. ಇವರು ಚಿಕ್ಕಂದಿನಿಂದ ಇಲ್ಲೇ ಇದ್ದವರು ಅಂತ ತೋರಿಸುವ ಕಾಗದಗಳು ಇಲಾಖೆಯ ಅದೇ ಕಡತದೊಳಗೇ ಇದ್ದವು. ಕಡತ ಕೈಯಲ್ಲಿ ಇಟ್ಟುಕೊಂಡೇ ಬಂಧನಕ್ಕೆ ಸಹಿ ಹಾಕಿದ್ದರು. ಬಂಧಿಸಲು ಇಲಾಖೆಗೆ ಕಾನೂನಿನ ಅಧಿಕಾರವೇ ಇರಲಿಲ್ಲ ಅಂತ ಸಮಿತಿ 2018ರ ಜೂನ್‌ನಲ್ಲಿ ವರದಿ ಕೊಟ್ಟಿತು. ಅಲ್ಲಿಯ ತನಕ ಎಲ್ಲರ ಬಾಯಲ್ಲಿ ದಾಖಲೆ ಕಳೆದುಹೋಯಿತು, ಚೀಟಿ ನಾಶವಾಯಿತು ಅನ್ನುವುದೇ ಮಾತು. ದಾಖಲೆ ಇದ್ದೂ ಓದದಿರುವುದು ಬೇರೆಯೇ ರೋಗ. ಅದನ್ನು ಕಂಡುಹಿಡಿಯಲು ಯಾರಾದರೂ ಕೂತು ಕಡತ ಓದಲೇಬೇಕು, ಬೇರೆ ದಾರಿ ಇಲ್ಲ.

ಆಮೇಲೆ ಲೆಕ್ಕ ಕೇಳಿದರು. ಎಷ್ಟು ಜನರನ್ನು ಹೀಗೆ ಬಂಧಿಸಿದ್ದೀರಿ, ಎಷ್ಟು ಜನರನ್ನು ಕಳಿಸಿದ್ದೀರಿ? ಇಲಾಖೆಗೆ ಗೊತ್ತಿಲ್ಲ. ಸುಮಾರು 11,800 ಕಡತ ತೆಗೆದು ನೋಡಬೇಕಾಯಿತು. ಬಂಧಿತರಾದವರು ಅಥವಾ ಹೊರಗೆ ಕಳಿಸಲ್ಪಟ್ಟವರು 164. ತಪ್ಪಾಗಿ ದೇಶದಿಂದ ಹೊರಗೆ ಕಳಿಸಿದವರು 83 ಎಂದು 2018ರ ನವೆಂಬರ್‌ನಲ್ಲಿ ಹೊಸ ಗೃಹಮಂತ್ರಿ ಸಾಜಿದ್ ಜಾವಿದ್ ಸಮಿತಿಗೆ ಬರೆದರು. ಅವರಲ್ಲಿ ಕನಿಷ್ಠ 11 ಮಂದಿ ಅಷ್ಟರಲ್ಲೇ ತೀರಿಕೊಂಡಿದ್ದರು. ಮತ್ತೆ ನೋಡಿ, ಆ ಕಡತಗಳೆಲ್ಲ ಕೆರಿಬಿಯನ್ ದೇಶದವರವು ಮಾತ್ರ. 1973ಕ್ಕೆ ಮೊದಲು ಭಾರತದಿಂದ, ಪೂರ್ವ ಆಫ್ರಿಕಾದಿಂದ ಹೋದವರೂ ಅದೇ ಕಾನೂನಿನ ಅಡಿಯಲ್ಲೇ ಇದ್ದರು. ಅವರ ಕಡತವನ್ನೂ ಹೀಗೆ ತೆಗೆದು ನೋಡಿ ಎಂದು ಅಲ್ಲಿನ ಲೆಕ್ಕಪರಿಶೋಧಕರೂ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಒತ್ತಿ ಹೇಳಿದರೂ ಇಲಾಖೆ ಒಪ್ಪಲಿಲ್ಲ.

ಇದು ಒಂದು ಸಲದ ತಪ್ಪಲ್ಲ ಅಂತ ತೋರಿಸಲು ಸ್ವಲ್ಪ ಹಿಂದೆ ಹೋಗುತ್ತೇನೆ, ಬೇಗ ಮುಗಿಸುತ್ತೇನೆ. 2006ರಲ್ಲಿ, ಜೈಲಿನಿಂದ ಬಿಟ್ಟ 1,023 ವಿದೇಶಿ ಕೈದಿಗಳನ್ನು ದೇಶದಿಂದ ಕಳಿಸಬೇಕೋ ಬೇಡವೋ ಅಂತ ಯೋಚಿಸಲೇ ಇಲ್ಲ ಎಂದು ಗೊತ್ತಾಗಿ ಗೃಹಮಂತ್ರಿ ಚಾರ್ಲ್ಸ್ ಕ್ಲಾರ್ಕ್ ಮನೆಗೆ ಹೋದರು. ಅದೇ ತಿಂಗಳು ಅಕ್ರಮವಾಗಿ ಇರುವವರು ಎಷ್ಟು ಮಂದಿ ಅಂತ ಸಮಿತಿ ಕೇಳಿದಾಗ, ಹಿರಿಯ ಅಧಿಕಾರಿ ಕೊಟ್ಟ ಉತ್ತರ: ನನಗೆ ಅದರ ಅಂದಾಜೂ ಇಲ್ಲ. ಹೊಸ ಮಂತ್ರಿ ಜಾನ್ ರೀಡ್ ಬಂದು, ನನ್ನ ವಲಸೆ ವಿಭಾಗ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದೆ ಅಂತ ಅದೇ ಸಮಿತಿಯ ಮುಂದೆ ಹೇಳಿದರು. ವಿಭಾಗದ ಹೆಸರು ಬದಲಾಯಿತು, ಬಾರ್ಡರ್ ಏಜೆನ್ಸಿ ಆಯಿತು. 2012ರಲ್ಲಿ, ವಲಸೆ ವಿಭಾಗದ ಕೆಲಸವನ್ನು ಪರೀಕ್ಷಿಸುವ ಸ್ವತಂತ್ರ ಇನ್‌ಸ್ಪೆಕ್ಟರ್ ಜಾನ್ ವೈನ್ ಹೋಗಿ ನೋಡಿದರೆ ಲಿವರ್‌ಪೂಲ್‌ನ ಒಂದು ಕೋಣೆಯಲ್ಲಿ 150ಕ್ಕೂ ಹೆಚ್ಚು ಪೆಟ್ಟಿಗೆ ಅಂಚೆ ಒಡೆಯದೆ ಬಿದ್ದಿದ್ದ ವಿಷಯ ಸಿಕ್ಕಿತು. ಅರ್ಜಿದಾರರ ಪತ್ರ, ವಕೀಲರ ಪತ್ರ, ಸಂಸದರ ಪತ್ರ ಕೂಡ. ಸಂಸದರ ಪತ್ರವನ್ನೇ ಒಡೆಯದಿದ್ದರೆ ನಮ್ಮ ನಿಮ್ಮದರ ಕಥೆ ಏನು ಮಾರಾಯ್ರೆ? 2013ರ ಮಾರ್ಚಿನಲ್ಲಿ ಸಮಿತಿ ಆ ಏಜೆನ್ಸಿಯನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡ ಮಾರನೇ ದಿನವೇ ಸರಕಾರ ಅದನ್ನು ಮುಚ್ಚುತ್ತೇವೆ ಎಂದಿತು. ಕೆಲಸ ಮತ್ತೆ ಹೋಮ್ ಆಫೀಸಿಗೇ ಹೋಯಿತು. ಬೋರ್ಡು ಬದಲಾಯಿತು, ಪೆಟ್ಟಿಗೆ ಅವೇ.

ನಮ್ಮ ವಿದ್ಯಾರ್ಥಿಗಳಿಗೆ ತಟ್ಟಿದ್ದು 2014ರದ್ದು. ವೀಸಾಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆಯಲ್ಲಿ ಕೆಲವು ಕೇಂದ್ರಗಳಲ್ಲಿ ಮೋಸ ಆಗುತ್ತಿದೆ ಎಂದು ಬಿಬಿಸಿ ತೋರಿಸಿತು. ಮೋಸ ಆದದ್ದು ಹೌದು. ಪರೀಕ್ಷೆ ನಡೆಸಿದ ಕಂಪನಿ 58 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳಲ್ಲಿ ಶೇ. 97ರಷ್ಟು ಸಂಶಯದ್ದು ಎಂದು ಪಟ್ಟಿ ಕೊಟ್ಟಿತು. ಶೇ. 97! ಇಲಾಖೆ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ವೀಸಾ ರದ್ದು ಮಾಡುತ್ತಾ ಹೋಯಿತು. ಮಕ್ಕಳು ನಮ್ಮ ಧ್ವನಿಮುದ್ರಣ ಕೊಡಿ, ಅದು ನಮ್ಮದೇ ಧ್ವನಿ ಅಂದರು. ಎಷ್ಟೋ ಜನರಿಗೆ ತಮ್ಮ ಮೇಲಿನ ಸಾಕ್ಷಿ ಏನು ಅಂತ ನೋಡಲೇ ಸಿಗಲಿಲ್ಲ. 2019ರಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಹೇಳಿದ್ದು ಇದನ್ನೇ, ತಪ್ಪು ಮಾಡದವರು ಇದರಲ್ಲಿ ಸಿಕ್ಕಿಬಿದ್ದಿರಬಹುದು ಅಂತ ಇಲಾಖೆ ಸರಿಯಾಗಿ ನೋಡಲೇ ಇಲ್ಲ. ಐದು ವರ್ಷ ತಡವಾಗಿ ಹೇಳಿತು, ಅದೂ ಸತ್ಯ. ಸಮಿತಿಗಳನ್ನು ನಾನು ತೀರಾ ಹೊಗಳುತ್ತಿದ್ದೇನೆ ಅಂತ ಅನಿಸಿದರೆ ಈ ಐದು ವರ್ಷ ನೆನಪಿಟ್ಟುಕೊಳ್ಳಿ.

ಈಗಿನ ಸ್ಥಿತಿ? 2025ರ ಜುಲೈಯಲ್ಲಿ ಅದೇ ಲೆಕ್ಕಪತ್ರ ಸಮಿತಿ ಸ್ಕಿಲ್ಡ್ ವರ್ಕರ್ ವೀಸಾದ ಬಗ್ಗೆ ವರದಿ ಕೊಟ್ಟಿತು. ನಮ್ಮ ನರ್ಸುಗಳು ಹೋಗುವ, ಕೇರ್ ವರ್ಕರ್‌ಗಳು 2025ರ ಜುಲೈ ತನಕ ಹೋಗುತ್ತಿದ್ದ ವೀಸಾ ಅದು. ವೀಸಾ ಮುಗಿದ ಮೇಲೆ ಜನ ದೇಶ ಬಿಡುತ್ತಾರಾ ಇಲ್ಲವಾ ಎಂದು ಇಲಾಖೆಗೆ ಗೊತ್ತಿಲ್ಲ, 2020ರಲ್ಲಿ ಈ ವೀಸಾ ಶುರುವಾದಲ್ಲಿಂದ ನಿರ್ಗಮನದ ದಾಖಲೆಯನ್ನು ವಿಶ್ಲೇಷಣೆಯೇ ಮಾಡಿಲ್ಲ ಅಂತ ವರದಿ ಹೇಳಿತು. 2006ರ ಉತ್ತರಕ್ಕೂ ಇದಕ್ಕೂ ಏನು ವ್ಯತ್ಯಾಸ? ನನ್ನ ಅಭಿಪ್ರಾಯ ಕಠಿಣ ಅನಿಸಬಹುದು, ಆದರೂ ಹೇಳುತ್ತೇನೆ. ಇಷ್ಟು ವರ್ಷ ಒಂದು ಇಲಾಖೆಗೆ ಲೆಕ್ಕ ಗೊತ್ತಿಲ್ಲ ಎಂದರೆ ಅದು ಅಸಡ್ಡೆ ಮಾತ್ರ ಅಲ್ಲ, ಗೊತ್ತಿಲ್ಲದಿರುವುದರಿಂದ ಅದಕ್ಕೆ ಅನುಕೂಲ ಉಂಟು. ಗೊತ್ತಿದ್ದರೆ ಜವಾಬು ಕೊಡಬೇಕಾಗುತ್ತದೆ.

ಇನ್ನು ನಮ್ಮ ಮನೆಗೆ ಬರುವ.

ನಮ್ಮಲ್ಲೂ ಸಮಿತಿ ಉಂಟು. ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಶುರುವಾದವು, ಈಗ 24 ಇವೆ, ಒಂದೊಂದರಲ್ಲಿ 31 ಸಂಸದರು, 21 ಲೋಕಸಭೆ, 10 ರಾಜ್ಯಸಭೆ. ಗೃಹ ಇಲಾಖೆಗೆ ಒಂದು, ವಿದೇಶಾಂಗಕ್ಕೆ ಒಂದು. ಕೆಲವು ಒಳ್ಳೆಯ ವರದಿ ಕೊಟ್ಟಿವೆ. ಆದರೆ ಸಭೆ ಬಾಗಿಲು ಮುಚ್ಚಿ ನಡೆಯುತ್ತದೆ. ಮಂತ್ರಿಯನ್ನು ಕರೆಸಿ ಕೂರಿಸುವ ರೂಢಿ ಇಲ್ಲ, ಅಧಿಕಾರಿಗಳು ಬಂದು ಹೇಳುತ್ತಾರೆ. ದಿನನಿತ್ಯದ ಆಡಳಿತದ ವಿಷಯಕ್ಕೆ ಸಮಿತಿ ಕೈ ಹಾಕುವ ಹಾಗಿಲ್ಲ ಅಂತ ನಿಯಮವೇ ಉಂಟು. ಒಂದು ಚೀಟಿ ನೆಲಮಾಳಿಗೆಯಿಂದ ಎಲ್ಲಿಗೆ ಹೋಯಿತು ಅನ್ನುವುದು ದಿನನಿತ್ಯದ ಆಡಳಿತವೇ ಅಲ್ವಾ? ಹಾಗಾದರೆ ಆ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ಏಪ್ರಿಲ್ 25ರಂಥ ಒಂದು ಮಧ್ಯಾಹ್ನ ದೆಹಲಿಯಲ್ಲಿ ನಡೆಯುವ ಹಾಗೇ ಇಲ್ಲ.

ವಿದೇಶಿಯರ ವಿಷಯದ ನಾಲ್ಕು ಹಳೇ ಕಾಯ್ದೆಗಳನ್ನು, 1920, 1939, 1946 ಮತ್ತು 2000ದ್ದು, ಒಟ್ಟು ತೆಗೆದು ಇಮಿಗ್ರೇಶನ್ ಅಂಡ್ ಫಾರಿನರ್ಸ್ ಕಾಯ್ದೆ 2025 ಮಾಡಿದರು. 2025ರ ಮಾರ್ಚ್ 11ಕ್ಕೆ ಮಂಡನೆ, ಮಾರ್ಚ್ 27ಕ್ಕೆ ಲೋಕಸಭೆ ಪಾಸು, ಏಪ್ರಿಲ್ 2ಕ್ಕೆ ರಾಜ್ಯಸಭೆ ಪಾಸು. ಸ್ಥಾಯಿ ಸಮಿತಿಗೆ ಕಳಿಸಲಿಲ್ಲ. ತಾನು ವಿದೇಶಿ ಅಲ್ಲ ಎಂದು ಸಾಬೀತು ಮಾಡುವ ಹೊರೆ ಆ ಮನುಷ್ಯನ ಮೇಲೆಯೇ ಎಂದು 1946ರ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತಿತ್ತು, ಹೊಸದರಲ್ಲೂ ಅದು ಉಳಿದಿದೆ. ಕಾನೂನು ಬೇಕೋ ಬೇಡವೋ ಅನ್ನುವುದು ಬೇರೆ ಚರ್ಚೆ. ಸಾಕ್ಷಿ ನೀವೇ ತನ್ನಿ ಅನ್ನುವ ಕಾನೂನಿದ್ದಾಗ, ಸರಕಾರದ ಬಳಿ ಇರುವ ಸಾಕ್ಷಿ ಹೇಗಿದೆ, ಯಾರು ಕಾಯುತ್ತಾರೆ ಅಂತ ಸಮಿತಿಯಲ್ಲಿ ಒಂದು ದಿನ ಕೂತು ಕೇಳಬೇಕಿತ್ತು.

ಕಾಯುವುದಕ್ಕೂ ಕಾಯ್ದೆ ಉಂಟು. ಪಬ್ಲಿಕ್ ರೆಕಾರ್ಡ್ಸ್ ಕಾಯ್ದೆ, 1993. ಕೇಂದ್ರ ಸರಕಾರದ ದಾಖಲೆಯನ್ನು ನಿಯಮ ಮೀರಿ ನಾಶ ಮಾಡಿದರೆ ಐದು ವರ್ಷದ ತನಕ ಜೈಲು, ಅಥವಾ ಹತ್ತು ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ. ಕಾಗದದಲ್ಲಿ ಬಹಳ ಗಟ್ಟಿ.

ಆದರೆ ದಾಖಲೆಯನ್ನೇ ಮಾಡದಿದ್ದರೆ ನಾಶ ಮಾಡುವ ಪ್ರಶ್ನೆಯೇ ಇಲ್ಲ. ಲಾಕ್‌ಡೌನ್‌ನಲ್ಲಿ ಊರಿಗೆ ನಡೆದು ಹೋದ ಕಾರ್ಮಿಕರಲ್ಲಿ ಎಷ್ಟು ಮಂದಿ ತೀರಿಕೊಂಡರು ಎಂದು 2020ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಕೇಳಿದಾಗ, ಅಂಥ ಅಂಕಿ ಅಂಶ ಇಟ್ಟಿಲ್ಲ ಎಂದು ಕಾರ್ಮಿಕ ಇಲಾಖೆ ಲಿಖಿತ ಉತ್ತರ ಕೊಟ್ಟಿತು. ನಮ್ಮ ಕರಾವಳಿಯದ್ದೇ ನೋಡಿ. ಗಲ್ಫಿಗೆ ದುಡಿಯಲು ಹೋಗುವವರಲ್ಲಿ ಮುಖ್ಯವಾಗಿ ಇಸಿಆರ್ ಪಾಸ್‌ಪೋರ್ಟ್, ಅಂದರೆ ಕ್ಲಿಯರೆನ್ಸ್ ಬೇಕು ಅಂತ ಗುರುತು ಹಾಕಿದ ಪಾಸ್‌ಪೋರ್ಟ್, ಇದ್ದವರಿಗೆ ಸರಕಾರದ ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕು, ಆ ಲೆಕ್ಕ ಸರಕಾರದ ಆನ್‌ಲೈನ್ ವ್ಯವಸ್ಥೆ ಇ-ಮೈಗ್ರೇಟ್‌ನಲ್ಲಿ ಬರುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಸಾಮಾನ್ಯವಾಗಿ ಅದು ಬೇಡ. ಇಲ್ಲಿನ ಹುಡುಗರು ಹೆಚ್ಚಿನವರು ಪಾಸಾದವರೇ. ಅಂದರೆ ಓದಿದ್ದರಿಂದಲೇ ನಾವು ಆ ಲೆಕ್ಕದಿಂದ ಹೊರಗೆ. ಬಜ್ಪೆಯಿಂದ ರಾತ್ರಿ ವಿಮಾನ ತುಂಬಿ ಹೋಗುವುದನ್ನು ನಾವು ಕಣ್ಣಾರೆ ನೋಡುತ್ತೇವೆ, ಆ ಪಟ್ಟಿಯಲ್ಲಿ ಹುಡುಕಿದರೆ ಅವರಲ್ಲಿ ಹೆಚ್ಚಿನವರು ಇಲ್ಲವೇ ಇಲ್ಲ.

ಹಾಗಂತ ನಮ್ಮ ಸಂಸತ್ತಿನಲ್ಲಿ ಏನೂ ಇಲ್ಲ ಅಂತ ಅಲ್ಲ. ಒಂದು ಸಣ್ಣ ಆಯುಧ ಉಂಟು, ಯಾರೂ ಜಾಸ್ತಿ ಮಾತಾಡುವುದಿಲ್ಲ. ಮಂತ್ರಿಯವರು ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು ಅಂತ ಹೇಳಿದರೆ ಅದು ಆಶ್ವಾಸನೆ ಅಂತ ದಾಖಲಾಗುತ್ತದೆ. ಮೂರು ತಿಂಗಳಲ್ಲಿ ಪೂರೈಸಬೇಕು. ಪೂರೈಸಿದರಾ ಅಂತ ನೋಡಲಿಕ್ಕೆಂದೇ ಒಂದು ಸಮಿತಿ 1953ರಿಂದ ಉಂಟು. ಪ್ರಶ್ನೆ ಹಾಕಲು ಸಂಸದರು 15 ದಿನ ಮೊದಲು ನೋಟಿಸು ಕೊಟ್ಟರೆ ಸಾಕು. ಲೋಕಸಭೆಯಲ್ಲಿ ದಿನಕ್ಕೆ ಬಾಯಿಯಲ್ಲಿ ಉತ್ತರಿಸುವ 20, ಬರಹದಲ್ಲಿ ಉತ್ತರಿಸುವ 230 ಪ್ರಶ್ನೆಗೆ ಜಾಗ ಉಂಟು. ಗಲ್ಫಿನಲ್ಲಿ ತೀರಿಕೊಂಡವರ ದೇಶವಾರು ಲೆಕ್ಕ ನಮಗೆ ಸಿಗುವುದು ಇಂಥ ಪ್ರಶ್ನೆಗಳಿಂದಲೇ. ನಮ್ಮ ಸಂಸದರನ್ನು ನಾವು ಮದುವೆಗೆ ಕರೆಯುತ್ತೇವೆ, ಬ್ರಹ್ಮಕಲಶಕ್ಕೆ ಕರೆಯುತ್ತೇವೆ. ಒಂದು ಪ್ರಶ್ನೆ ಬರೆದುಕೊಟ್ಟು ಇದನ್ನು ಹಾಕಿ ಅಂತ ಕೇಳಿದವರು ಎಷ್ಟು ಮಂದಿ ಇದ್ದೀರಿ? ಇ-ಮೈಗ್ರೇಟ್ ಲೆಕ್ಕಕ್ಕೆ ಸಿಗದೆ ಹೊರದೇಶಕ್ಕೆ ಹೋಗುವವರ ದಾಖಲೆ ಯಾವ ಇಲಾಖೆಯಲ್ಲಿ ಉಂಟು, ಯಾವ ವರ್ಷದಿಂದ ಉಂಟು, ಎಷ್ಟು ವರ್ಷ ಇಡುತ್ತಾರೆ, ಹಳೆಯದನ್ನು ತೆಗೆಯಲು ಒಪ್ಪಿಗೆ ಕೊಡುವವರು ಯಾರು. ಇದನ್ನು ಬರೆದುಕೊಳ್ಳಿ. ನಾಲ್ಕೇ ಸಾಲು.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಬಂದ ಎರಡು ಪ್ರಶ್ನೆ.

ಕಾನೂನು ಓದುವ ಒಬ್ಬ ಹುಡುಗ ಕೇಳಿದ: "ಸರ್, ಮಂತ್ರಿ ರಾಜೀನಾಮೆ ಕೊಟ್ಟರು, ಸರಿ. ನೊಂದವರಿಗೆ ಎಂತ ಸಿಕ್ಕಿತು?"

ಒಳ್ಳೆಯ ಪ್ರಶ್ನೆ. 2019ರ ಏಪ್ರಿಲ್‌ನಲ್ಲಿ ಪರಿಹಾರ ಯೋಜನೆ ಬಂತು. ನಡೆಸಲು ಕೊಟ್ಟದ್ದು ಯಾರಿಗೆ? ಅದೇ ಹೋಮ್ ಆಫೀಸಿಗೆ. ಸುಮಾರು 15,000 ಜನ ಅರ್ಹರು ಅಂತ ಮೊದಲಿನ ಅಂದಾಜು. ಎರಡೂವರೆ ವರ್ಷ ಕಳೆದು 2021ರ ನವೆಂಬರ್‌ನಲ್ಲಿ ಗೃಹ ವ್ಯವಹಾರಗಳ ಸಮಿತಿ ನೋಡಿದಾಗ, ಅದರಲ್ಲಿ ಅರ್ಜಿ ಹಾಕಿದವರು ಐದನೇ ಒಂದು ಪಾಲು. ಏನಾದರೂ ಹಣ ಕೈಗೆ ಬಂದದ್ದು ಶೇ. 5.8 ಮಂದಿಗೆ. 23 ಜನ ಹಣ ಬರುವ ಮೊದಲೇ ತೀರಿಕೊಂಡಿದ್ದರು. ಕಾರಣ ಮತ್ತೆ ಅದೇ, ಕೆಲಸ ಹೋದದ್ದಕ್ಕೆ ದಾಖಲೆ ತನ್ನಿ, ಬಾಡಿಗೆ ಮನೆ ಬಿಟ್ಟದ್ದಕ್ಕೆ ದಾಖಲೆ ತನ್ನಿ. ಯೋಜನೆಯನ್ನು ಹೋಮ್ ಆಫೀಸಿನ ಕೈಯಿಂದ ತೆಗೆದು ಸ್ವತಂತ್ರ ಸಂಸ್ಥೆಗೆ ಕೊಡಿ ಎಂದು ಸಮಿತಿ ಹೇಳಿತು. ಸರಕಾರ ಕೊಡಲಿಲ್ಲ. ಸಮಿತಿಗೆ ಹೇಳುವ ಅಧಿಕಾರ ಉಂಟು, ಮಾಡಿಸುವ ಅಧಿಕಾರ ಇಲ್ಲ.

ಎರಡನೆಯದು, ಮುಂದಿನ ಸಾಲಿನಲ್ಲಿದ್ದ ಒಬ್ಬರು ಅಮ್ಮನದು. ಅವರ ಮಗ ಲೀಡ್ಸ್‌ನಲ್ಲಿ ನರ್ಸ್. "ಮೊದಲು ಅವನ ಹತ್ತಿರ ಒಂದು ಕಾರ್ಡು ಇತ್ತು. ಈಗ ಕಾರ್ಡು ಇಲ್ಲವಂತೆ, ಎಲ್ಲ ಆನ್‌ಲೈನಿನಲ್ಲೇ ಉಂಟಂತೆ. ನೀವು ಹೇಳುದು ಕೇಳಿ ಹೆದರಿಕೆ ಆಯ್ತು."

ಅಮ್ಮ, ಹೆದರುವುದು ಬೇಡ, ಆದರೆ ಜಾಗ್ರತೆ ಬೇಕು. 2024ರ ಕೊನೆಗೆ ಆ ಕಾರ್ಡುಗಳ ಅವಧಿ ಮುಗಿಸಿ ಎಲ್ಲವನ್ನೂ ಇ-ವೀಸಾ ಮಾಡಿದ್ದಾರೆ. ಈಗ ಅವನು ಅಲ್ಲಿ ಇರಬಹುದು ಅನ್ನುವುದಕ್ಕೆ ಸಾಕ್ಷಿ ಇರುವುದು ಇಲಾಖೆಯ ಕಂಪ್ಯೂಟರಿನಲ್ಲಿ ಮಾತ್ರ. ಅದೇ ಇಲಾಖೆಯ ಕಂಪ್ಯೂಟರಿನಲ್ಲಿ 76 ಸಾವಿರಕ್ಕೂ ಹೆಚ್ಚು ಜನರ ಹೆಸರು, ಫೋಟೋ, ವೀಸಾ ವಿವರ ಒಬ್ಬರದು ಇನ್ನೊಬ್ಬರಿಗೆ ಸೇರಿಹೋಗಿತ್ತು ಅಂತ 2024ರ ಮಾರ್ಚಿನಲ್ಲಿ ಹೊರಬಂತು. ಹಾಗಾಗಿ ಮಗನಿಗೆ ಹೇಳಿ: ಹಳೇ ಕಾರ್ಡು ಬಿಸಾಡುವುದು ಬೇಡ. ಪಾಸ್‌ಪೋರ್ಟ್ ಹೊಸದು ಮಾಡಿಸಿದರೂ ಹಳೆಯದು ಇರಲಿ. ವರ್ಷಕ್ಕೊಂದು ಸಿಗುವ ತೆರಿಗೆ ಕಾಗದ, ಪಿ60 ಅನ್ನುತ್ತಾರೆ, ಅದನ್ನು ಪ್ರಿಂಟ್ ತೆಗೆದು ಇಡಲಿ. ತನ್ನ ಬಗ್ಗೆ ಹೋಮ್ ಆಫೀಸಿನಲ್ಲಿ ಏನೇನು ಬರೆದಿದೆ ಅಂತ ಕೇಳುವ ಹಕ್ಕು ಅಲ್ಲಿನ ಡೇಟಾ ಕಾನೂನಿನಲ್ಲಿ ಉಂಟು, ಫೀಸು ಇಲ್ಲ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ಒಮ್ಮೆ ತರಿಸಿ ಓದಲಿ. ತಪ್ಪು ಕಂಡರೆ ಆ ಏರಿಯಾದ ಸಂಸದರಿಗೆ ಬರೆಯಲಿ, ಅಲ್ಲಿನ ಸಂಸದರ ಕಚೇರಿಗಳಲ್ಲಿ ವೀಸಾ ದೂರುಗಳನ್ನೂ ನೋಡಿಕೊಳ್ಳುವವರು ಇರುತ್ತಾರೆ. ಮತ್ತೆ, ಅವನಿಗೆ ಅಲ್ಲಿ ಓಟೂ ಉಂಟು.

"ಓಟಾ? ಅವನದ್ದು ನಮ್ಮ ಪಾಸ್‌ಪೋರ್ಟ್."

ಹೌದಮ್ಮ, ಭಾರತದ ಪಾಸ್‌ಪೋರ್ಟೇ. ಕಾಮನ್‌ವೆಲ್ತ್ ದೇಶದವನಾಗಿ, ಸರಿಯಾದ ವೀಸಾದಲ್ಲಿ ಅಲ್ಲಿ ವಾಸ ಮಾಡುವವನಿಗೆ ಬ್ರಿಟನ್ನಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ಓಟು ಹಾಕಬಹುದು. ಹೆಸರು ಸೇರಿಸಿರಬೇಕು ಅಷ್ಟೆ. ಸೇರಿಸಿದ್ದಾನಾ ಅಂತ ಇವತ್ತು ರಾತ್ರಿ ಫೋನಿನಲ್ಲಿ ಕೇಳಿ.